ಮನೆಯೊಡೆಯನೂ ಬಾಡಿಗೆದಾರನೂ: ಮುಂಬಯಿಯ ಕಾಯಿದೆಯಲ್ಲಿ ಒಡೆಯನಿಗಿರುವ ದಾರಿಗಳು

ಮುಂಬಯಿಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಕಥೆ ಬಹುಮಟ್ಟಿಗೆ ಬಾಡಿಗೆಯ ಖೋಲಿಯಿಂದ ಆರಂಭವಾದುದು. ಕರಾವಳಿಯಿಂದಲೂ ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ಉದ್ಯೋಗವನ್ನರಸಿ ಬಂದವರು ಚಾಳಿನ ಒಂದು ಕೋಣೆಯನ್ನೋ ಹೋಟೆಲಿನ ಅಟ್ಟವನ್ನೋ ಆಶ್ರಯಿಸಿ ದಿನ ಕಳೆದರು. ಅಂದು ಬಾಡಿಗೆದಾರರಾಗಿದ್ದವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಇಂದು ಬೊರಿವಲಿ, ಮುಲುಂಡ, ಠಾಣೆ, ಡೊಂಬಿವಲಿಗಳಲ್ಲಿ ಮನೆಯ ಒಡೆಯರಾಗಿದ್ದಾರೆ. ದುಡಿಮೆಯ ಉಳಿತಾಯದಿಂದ ಕೊಂಡ ಎರಡನೆಯ ಮನೆಯನ್ನು ಬಾಡಿಗೆಗೆ ಕೊಟ್ಟು, ನಿವೃತ್ತಿಯ ಕಾಲದಲ್ಲಿ ಅದರ ಆದಾಯವನ್ನೇ ನೆಚ್ಚಿಕೊಂಡವರು ಕಡಿಮೆಯಿಲ್ಲ. ಅಂತಹವರ ಮನಸ್ಸಿನಲ್ಲಿ ಸದಾ ಒಂದು ಭಯ ಮನೆಮಾಡಿರುತ್ತದೆ: ಕೊಟ್ಟ ಕೀಲಿಕೈ ಮರಳಿ ಬಾರದಿದ್ದರೆ?

ಈ ಭಯವು ಎರಡು ಬಗೆಯ ಅನರ್ಥಗಳಿಗೆ ಕಾರಣವಾಗಿದೆ. ಕೆಲವರು ಮನೆಯನ್ನು ವರ್ಷಗಟ್ಟಲೆ ಬೀಗ ಹಾಕಿ ಖಾಲಿಯಿಡುತ್ತಾರೆ. ಮತ್ತೆ ಕೆಲವರು ತಂಟೆ ಹುಟ್ಟಿದೊಡನೆ ನೀರು ನಿಲ್ಲಿಸುವುದು, ಬೀಗ ಬದಲಿಸುವುದು ಮೊದಲಾದ ಸಾಹಸಕ್ಕೆ ಕೈಹಾಕಿ ತಾವೇ ಅಪರಾಧಿಗಳಾಗುತ್ತಾರೆ. ಕಾಯಿದೆಯು ಒಡೆಯನಿಗೆ ಯಾವ ಯಾವ ದಾರಿಗಳನ್ನು ತೆರೆದಿಟ್ಟಿದೆ, ಯಾವುದನ್ನು ಮುಚ್ಚಿದೆ ಎಂಬುದನ್ನು ತಿಳಿದಲ್ಲಿ ಎರಡೂ ಅನರ್ಥಗಳು ತಪ್ಪಬಹುದು. ಆ ವಿವರಣೆಯೇ ಈ ಲೇಖನದ ಉದ್ದೇಶ.

1. ಕಟ್ಟಳೆಯ ಹುಟ್ಟು

ಬಾಡಿಗೆಯ ನಿಯಂತ್ರಣವು ಮುಂಬಯಿಗೆ ಯುದ್ಧದ ಕೊಡುಗೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಮನೆಗಳ ಅಭಾವದಿಂದ ಬಾಡಿಗೆಗಳು ಮೇಲೇರಿದಾಗ ಪ್ರಥಮ ಕಾಯಿದೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಅದೇ ಕಷ್ಟ ಮರುಕಳಿಸಿತು. ದೇಶವಿಭಜನೆಯ ನಿರಾಶ್ರಿತರ ಆಗಮನದಿಂದ ಅದು ಇಮ್ಮಡಿಯಾಯಿತು. 1947ರ ಮುಂಬಯಿ ಬಾಡಿಗೆ ಕಾಯಿದೆಯು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣ ಬಾಡಿಗೆಯೆಂದು ಗೊತ್ತುಪಡಿಸಿತು. ಆ ದಿನದ ತರುವಾಯ ಮೊದಲ ಬಾರಿ ಬಾಡಿಗೆಗೆ ಹೋದ ಮನೆಗೆ ಆ ಮೊದಲ ಬಾಡಿಗೆಯೇ ಪ್ರಮಾಣವಾಯಿತು. ಅಷ್ಟನ್ನು ಕೊಡುತ್ತಿರುವ ಬಾಡಿಗೆದಾರನನ್ನು ಕಾಯಿದೆಯಲ್ಲಿ ಹೇಳಿದ ಕಾರಣಗಳ ಹೊರತು ಎಬ್ಬಿಸಲಾಗದೆಂದೂ ವಿಧಿಸಿತು.

ತಾತ್ಕಾಲಿಕವೆಂದು ಹುಟ್ಟಿದ ಈ ಕಟ್ಟಳೆಯ ಅವಧಿಯನ್ನು ಮತ್ತೆ ಮತ್ತೆ ಬೆಳೆಸುತ್ತ ಅರ್ಧ ಶತಮಾನ ಕಳೆಯಿತು. ಅಷ್ಟರಲ್ಲಿ ಎಲ್ಲ ವಸ್ತುಗಳ ಬೆಲೆ ನೂರಾರು ಪಟ್ಟು ಏರಿದ್ದರೂ ಖೋಲಿಯ ಬಾಡಿಗೆ ಇದ್ದಲ್ಲೇ ಇತ್ತು. ರಿಪೇರಿಗೆ ಹಣ ಹುಟ್ಟದೆ ಕಟ್ಟಡಗಳು ಶಿಥಿಲವಾದವು. ಬಾಡಿಗೆಯಲ್ಲಿ ಸಿಗದ ಹಣವು ಪಗಡಿಯ ರೂಪದಲ್ಲಿ, ರಸೀದಿಯಿಲ್ಲದೆ, ಕೈಯಿಂದ ಕೈಗೆ ಸಾಗಿತು.

ಈ ಅಸಮತೆಯನ್ನು ಸರ್ವೋಚ್ಚ ನ್ಯಾಯಾಲಯದ ಮುಂದೆ ಎತ್ತಿದ ಪ್ರಸಿದ್ಧ ಮೊಕದ್ದಮೆಯ ಹೆಸರಿನಲ್ಲಿಯೇ ಉಡುಪಿಯ ಕಡಲತೀರದ ಒಂದು ಊರು ಸೇರಿರುವುದು ಕನ್ನಡಿಗರಿಗೆ ಕುತೂಹಲದ ಸಂಗತಿ. ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ರಾಜ್ಯವೆಂಬ ಆ ಮೊಕದ್ದಮೆಯ ತೀರ್ಪು 1997ರ ಡಿಸೆಂಬರ್ 19ರಂದು ಹೊರಬಿದ್ದಿತು. ಹುಟ್ಟಿದಾಗ ನ್ಯಾಯ್ಯವಾಗಿದ್ದ ಕಾಯಿದೆಯು ಕಾಲ ಬದಲಾದಂತೆ ಅನ್ಯಾಯ್ಯವಾಗಬಲ್ಲುದು; ಬಾಡಿಗೆಯನ್ನು ಸ್ತಂಭನಗೊಳಿಸಿದ ವಿಧಿಗಳು ಆ ಸ್ಥಿತಿಗೆ ಬಂದಿವೆ ಎಂದು ನ್ಯಾಯಾಲಯ ನಿರ್ಣಯಿಸಿತು. ಆದರೆ ಕಾಯಿದೆಯ ಅವಧಿಯು 1998ರ ಮಾರ್ಚ್ ಕೊನೆಗೆ ಮುಗಿಯಲಿದ್ದುದರಿಂದಲೂ ಹೊಸ ಮಸೂದೆಯ ವಿಚಾರ ನಡೆದಿದ್ದುದರಿಂದಲೂ ಅದನ್ನು ರದ್ದುಗೊಳಿಸಲಿಲ್ಲ.

ಆ ಮಸೂದೆಯೇ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಾಗಿ 2000ದ ಮಾರ್ಚ್ 31ರಿಂದ ಜಾರಿಗೆ ಬಂದಿತು. ಮುಂಬಯಿ ಪ್ರಾಂತ, ವಿದರ್ಭ, ಮರಾಠವಾಡಗಳಲ್ಲಿ ಬೇರೆ ಬೇರೆಯಾಗಿದ್ದ ಮೂರು ಕಟ್ಟಳೆಗಳನ್ನು ಇದು ಒಂದುಗೂಡಿಸಿತು. ಪ್ರಮಾಣ ಬಾಡಿಗೆಯ ಮೇಲೆ ವರ್ಷಕ್ಕೆ ಶೇಕಡಾ 4ರಷ್ಟು ಏರಿಸುವ ಹಕ್ಕನ್ನು ಒಡೆಯನಿಗೆ ಕೊಟ್ಟಿತು. ಹಿಂದೆ ಅಪರಾಧವಾಗಿದ್ದ ಪಗಡಿಯನ್ನು ಕಾಯಿದೆಯ ಬೆಳಕಿಗೆ ತಂದು ಸಕ್ರಮಗೊಳಿಸಿತು. ಆದರೂ ಬಾಡಿಗೆದಾರನ ರಕ್ಷಣೆಯೆಂಬ ಮೂಲತತ್ತ್ವವನ್ನು ಅದು ಬಿಡಲಿಲ್ಲ.

2. ಬಾಡಿಗೆಯೇ, ಅನುಮತಿಯೇ?

ಒಡೆಯನ ಮುಂದಿನ ದಾರಿ ಯಾವುದೆಂಬುದು ಒಂದೇ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ: ಮನೆಯಲ್ಲಿರುವವನು ಬಾಡಿಗೆದಾರನೋ ಅಥವಾ ಲೀವ್ ಅಂಡ್ ಲೈಸೆನ್ಸಿನ ಮೇಲೆ ಇರುವ ಅನುಮತಿದಾರನೋ? ವ್ಯವಹಾರದಲ್ಲಿ ಎರಡನ್ನೂ ಬಾಡಿಗೆಯೆಂದೇ ಕರೆಯುವುದು ರೂಢಿ. ಕಾಯಿದೆಯ ಕಣ್ಣಿನಲ್ಲಿ ಅವು ಸಂಪೂರ್ಣ ಭಿನ್ನ.

ದಕ್ಷಿಣ ಕನ್ನಡದವರಿಗೆ ಈ ಭೇದವನ್ನು ಮೂಲಗೇಣಿ, ಚಾಲಗೇಣಿಗಳ ಸಾದೃಶ್ಯದಿಂದ ತಿಳಿಯಪಡಿಸಬಹುದು. ಮೂಲಗೇಣಿದಾರನು ಗೊತ್ತಾದ ಗೇಣಿಯನ್ನು ಕೊಡುತ್ತ ತಲೆಮಾರಿನಿಂದ ತಲೆಮಾರಿಗೆ ಭೂಮಿಯನ್ನು ಅನುಭವಿಸುತ್ತಿದ್ದನು. ಚಾಲಗೇಣಿದಾರನ ಹಕ್ಕು ವರ್ಷದಿಂದ ವರ್ಷಕ್ಕೆ ಸೀಮಿತವಾಗಿತ್ತು. ಬಾಡಿಗೆ ಕಾಯಿದೆಯ ರಕ್ಷಣೆಗೆ ಒಳಪಟ್ಟ ಮುಂಬಯಿಯ ಬಾಡಿಗೆದಾರನು ಮೂಲಗೇಣಿದಾರನನ್ನು ಹೋಲುತ್ತಾನೆ. ಕರಾರಿನ ಅವಧಿ ಮುಗಿದ ಮಾತ್ರಕ್ಕೆ ಅವನು ಏಳಬೇಕಾಗಿಲ್ಲ. ಅವನು ತೀರಿಕೊಂಡರೆ ಅವನೊಡನೆ ವಾಸವಾಗಿದ್ದ ಕುಟುಂಬದವರಿಗೆ, ಅಂತಹವರಿಲ್ಲದಿದ್ದರೆ ವಾರಸುದಾರನಿಗೆ ಬಾಡಿಗೆಯ ಹಕ್ಕು ಸಲ್ಲುತ್ತದೆ. ಮೂಲಗೇಣಿ ಒಡಂಬಡಿಕೆಯಿಂದ ಬಂದುದು, ಇದು ಶಾಸನದಿಂದ ಬಂದುದು ಎಂಬುದೊಂದು ಮುಖ್ಯ ವ್ಯತ್ಯಾಸ. ಅನುಮತಿದಾರನಾದರೋ 1882ರ ಈಸ್‌ಮೆಂಟ್ ಕಾಯಿದೆಯ ಅರ್ಥದಲ್ಲಿ ಮನೆಯನ್ನು ಬಳಸಲು ಒಪ್ಪಿಗೆ ಪಡೆದವನು ಮಾತ್ರ. ಮನೆಯಲ್ಲಿ ಅವನಿಗೆ ಯಾವ ಸ್ವತ್ತಿನ ಹಕ್ಕೂ ಹುಟ್ಟುವುದಿಲ್ಲ.

ಇಲ್ಲಿ ಇತಿಹಾಸದ ಒಂದು ಪಾಠವಿದೆ. 1947ರ ಕಾಯಿದೆಯಿಂದ ತಪ್ಪಿಸಿಕೊಳ್ಳಲು ಅನೇಕ ಒಡೆಯರು ನಿಜವಾದ ಬಾಡಿಗೆಗೂ ಅನುಮತಿಯೆಂದೇ ಹೆಸರಿಟ್ಟು ಪತ್ರ ಬರೆಸತೊಡಗಿದ್ದರು. ಶಾಸನಸಭೆಯು 1973ರಲ್ಲಿ ಕಾಯಿದೆಯನ್ನು ತಿದ್ದಿ, ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಅನುಮತಿಯ ಮೇಲೆ ವಾಸವಾಗಿದ್ದವರನ್ನು ಒಂದೇ ಏಟಿಗೆ ಬಾಡಿಗೆದಾರರನ್ನಾಗಿ ಮಾಡಿತು. ಮನೆಯನ್ನು ಪರರಿಗೆ ಕೊಡಲು ಮುಂಬಯಿಯ ಜನ ಅಂಜುವುದಕ್ಕೆ ಆ ದಿನದ ನೆನಪು ಇಂದಿಗೂ ಒಂದು ಕಾರಣ. ತರುವಾಯ 1987ರ ತಿದ್ದುಪಡಿಯಿಂದಲೂ 1999ರ ಕಾಯಿದೆಯಿಂದಲೂ ವಾಸದ ಮನೆಯ ಅನುಮತಿಗೆ ಪ್ರತ್ಯೇಕವಾದ ಶೀಘ್ರ ಮಾರ್ಗ ಏರ್ಪಟ್ಟಿತು. ಇಂದು ಹೊಸದಾಗಿ ಮನೆ ಕೊಡುವವನ ಸ್ಥಿತಿಯು 1973ರ ಒಡೆಯನ ಸ್ಥಿತಿಯಲ್ಲ.

3. ಅವಧಿ ಮುಗಿದ ಅನುಮತಿ

ಮೊದಲು ಈ ಸುಲಭವಾದ ದಾರಿಯನ್ನೇ ನೋಡಬಹುದು. ಠಾಣೆಯಲ್ಲಿ ಎರಡು ಕೋಣೆಗಳ ಮನೆಯಿರುವ ನಿವೃತ್ತ ಶಿಕ್ಷಕಿಯೊಬ್ಬರು ಅದನ್ನು ಇಪ್ಪತ್ತೆರಡು ತಿಂಗಳ ಅನುಮತಿಯ ಮೇಲೆ ಒಂದು ಕುಟುಂಬಕ್ಕೆ ಕೊಟ್ಟರೆಂದೂ, ಅವಧಿ ಮುಗಿದರೂ ಕುಟುಂಬ ಏಳುತ್ತಿಲ್ಲವೆಂದೂ ಭಾವಿಸೋಣ. ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. 1999ರ ಕಾಯಿದೆಯ 24ನೆಯ ಕಲಮಿನ ಪ್ರಕಾರ ಸಕ್ಷಮ ಪ್ರಾಧಿಕಾರಿಗೆ ಅರ್ಜಿ ಕೊಟ್ಟರೆ ಸಾಕು. ಡೆಪ್ಯುಟಿ ಕಲೆಕ್ಟರರಿಗೆ ಕಡಿಮೆಯಿಲ್ಲದ ದರ್ಜೆಯ ಅಧಿಕಾರಿಯನ್ನೂ ಸರಕಾರ ಈ ಸ್ಥಾನಕ್ಕೆ ನೇಮಿಸಬಹುದು.

ಈ ಮಾರ್ಗದ ಬಲ ಮೂರು ಅಂಶಗಳಲ್ಲಿದೆ. ಒಂದು, ಬರಹದಲ್ಲಿರುವ ಅನುಮತಿಪತ್ರದಲ್ಲಿ ಹೇಳಿದ ಸಂಗತಿಗಳಿಗೆ ಆ ಪತ್ರವೇ ನಿರ್ಣಾಯಕ ಸಾಕ್ಷ್ಯ. ಪತ್ರದಲ್ಲಿ ಅನುಮತಿಯೆಂದಿದ್ದರೂ ಮಾತು ಬೇರೆಯಾಗಿತ್ತು ಎಂಬ ವಾದಕ್ಕೆ ಎಡೆಯಿಲ್ಲ. ಎರಡು, ಎದುರಾಳಿಯು ಸಮನ್ಸು ತಲಪಿದ 30 ದಿನಗಳೊಳಗೆ ಪ್ರಮಾಣಪತ್ರ ಸಲ್ಲಿಸಿ, ವಾದಿಸಲು ಅನುಮತಿ ಬೇಡಬೇಕು. ಬೇಡದಿದ್ದರೆ, ಇಲ್ಲವೆ ಬೇಡಿದುದು ಸಿಗದಿದ್ದರೆ, ಒಡೆಯನ ಹೇಳಿಕೆಯನ್ನು ಅವನು ಒಪ್ಪಿದಂತಾಗಿ ತೆರವಿನ ಆಜ್ಞೆ ಹೊರಡುತ್ತದೆ. ಮೂರು, ಅವಧಿ ಮುಗಿದ ಮೇಲೂ ಕುಳಿತವನು ಕರಾರಿನ ಶುಲ್ಕದ ಎರಡು ಪಟ್ಟನ್ನು ನಷ್ಟಪರಿಹಾರವಾಗಿ ಕೊಡಬೇಕು. ಈ ಆಜ್ಞೆಯ ಮೇಲೆ ಅಪೀಲು ಇಲ್ಲ. ಸರಕಾರದ ಮುಂದೆ ಪುನರವಲೋಕನದ ಅರ್ಜಿಗೆ ಮಾತ್ರ 90 ದಿನಗಳ ಅವಕಾಶವಿದೆ.

ಆದರೆ ಈ ಬಾಗಿಲು ವಾಸದ ಮನೆಗೆ ಮಾತ್ರ ತೆರೆದಿದೆ. ಅಂಗಡಿ, ಕಚೇರಿ, ಗೋದಾಮುಗಳನ್ನು ಅನುಮತಿಯ ಮೇಲೆ ಕೊಟ್ಟವನು ಮುಂಬಯಿಯಲ್ಲಾದರೆ 1882ರ ಪ್ರೆಸಿಡೆನ್ಸಿ ಸ್ಮಾಲ್ ಕಾಸಸ್ ಕೋರ್ಟುಗಳ ಕಾಯಿದೆಯ 41ನೆಯ ಕಲಮಿನಂತೆ ಸ್ಮಾಲ್ ಕಾಸಸ್ ಕೋರ್ಟಿನಲ್ಲಿಯೇ ದಾವೆ ಹೂಡಬೇಕು. ಆಸ್ತಿಯ ಬೆಲೆ ಎಷ್ಟೇ ಇರಲಿ, ಧೋಬಿ ತಲಾವಿನ ಆ ಕೋರ್ಟಿಗೇ ಅಧಿಕಾರ. ಹೆಸರಿನಲ್ಲಿರುವ ಸ್ಮಾಲ್ ಎಂಬ ಪದವನ್ನು ಕಂಡು ಮೋಸಹೋಗಬಾರದು.

ಎಲ್ಲಕ್ಕೂ ಮಿಗಿಲಾದ ಎಚ್ಚರಿಕೆ ನೋಂದಣಿಯದು. ಹನ್ನೊಂದು ತಿಂಗಳ ಪತ್ರವಾದರೆ ನೋಂದಣಿ ಬೇಡವೆಂಬ ನಂಬಿಕೆ ಊರಿನಿಂದ ಬಂದವರಲ್ಲಿ ಬೇರೂರಿದೆ. ವರ್ಷಕ್ಕೆ ಮಿಕ್ಕಿದ ಗುತ್ತಿಗೆಗೆ ಮಾತ್ರ ನೋಂದಣಿಯನ್ನು ಕಡ್ಡಾಯಮಾಡಿದ ನೋಂದಣಿ ಕಾಯಿದೆಯೇ ಈ ನಂಬಿಕೆಯ ಮೂಲ. ಮಹಾರಾಷ್ಟ್ರದಲ್ಲಿ ಅದು ಸಲ್ಲದು. 1999ರ ಕಾಯಿದೆಯ 55ನೆಯ ಕಲಮಿನಂತೆ ಬಾಡಿಗೆಯಾಗಲಿ ಅನುಮತಿಯಾಗಲಿ, ಅವಧಿ ಎಷ್ಟೇ ಇರಲಿ, ಕರಾರು ಬರಹದಲ್ಲಿದ್ದು ನೋಂದಣಿಯಾಗಲೇಬೇಕು. ಇದರ ಹೊಣೆ ಒಡೆಯನದು. ತಪ್ಪಿದಲ್ಲಿ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಒದಗಬಹುದು. ಅದಕ್ಕಿಂತ ಕಠಿಣವಾದ ಫಲ ಬೇರೊಂದಿದೆ: ನೋಂದಣಿಯಾದ ಪತ್ರವಿಲ್ಲದಿದ್ದರೆ ಕರಾರಿನ ನಿಬಂಧನೆಗಳ ವಿಷಯದಲ್ಲಿ ಬಾಡಿಗೆದಾರನ ಮಾತೇ, ವಿರುದ್ಧವಾದುದು ಸಿದ್ಧವಾಗುವವರೆಗೆ, ನಿಲ್ಲುತ್ತದೆ. ನೋಂದಣಿಯ ವೆಚ್ಚ ಉಳಿಸಿದ ಶಿಕ್ಷಕಿಯು ವರ್ಷಗಳ ವ್ಯಾಜ್ಯವನ್ನು ಕೊಂಡಂತಾಗುತ್ತದೆ.

4. ಬಾಡಿಗೆ ಬಾಕಿ

ಇನ್ನು ಕಾಯಿದೆಯ ರಕ್ಷಣೆಯಿರುವ ಬಾಡಿಗೆದಾರನ ಪ್ರಕರಣ. ಬಾಡಿಗೆ ಕೊಡದವನನ್ನು ಎಬ್ಬಿಸುವುದು ಸುಲಭವೆಂದು ಸಾಮಾನ್ಯರು ತಿಳಿಯುತ್ತಾರೆ. 15ನೆಯ ಕಲಮನ್ನು ಓದಿದವರಿಗೆ ಆ ಭ್ರಮೆ ಉಳಿಯದು. ಪ್ರಮಾಣ ಬಾಡಿಗೆಯನ್ನೂ ಸಕ್ರಮವಾದ ಏರಿಕೆಗಳನ್ನೂ ಕೊಡುತ್ತಿರುವ, ಇಲ್ಲವೆ ಕೊಡಲು ಸಿದ್ಧನಿರುವ ಬಾಡಿಗೆದಾರನನ್ನು ಬಾಕಿಯ ನೆಪದಿಂದ ಎಬ್ಬಿಸುವಂತಿಲ್ಲ. ಬಾಕಿ ನಿಂತಲ್ಲಿ ಒಡೆಯನು ಬರಹದಲ್ಲಿ ನೋಟೀಸು ಕೊಟ್ಟು 90 ದಿನ ಕಾಯಬೇಕು. ಅದಕ್ಕೆ ಮೊದಲೇ ಹೂಡಿದ ದಾವೆ ನಿಲ್ಲದು. ದಾವೆ ಹೂಡಿದ ಮೇಲೆಯೂ ಬಾಡಿಗೆದಾರನಿಗೆ ಇನ್ನೊಂದು ಅವಕಾಶವಿದೆ. ಸಮನ್ಸು ತಲಪಿದ 90 ದಿನಗಳೊಳಗೆ ಅವನು ಬಾಕಿಯನ್ನೆಲ್ಲ ಶೇಕಡಾ 15ರ ಸರಳಬಡ್ಡಿಯೊಡನೆ ನ್ಯಾಯಾಲಯದಲ್ಲಿ ಕಟ್ಟಿ, ದಾವೆ ಮುಗಿಯುವವರೆಗೆ ಬಾಡಿಗೆಯನ್ನು ಕ್ರಮವಾಗಿ ಕೊಡುತ್ತ ಬಂದು, ದಾವೆಯ ವೆಚ್ಚವನ್ನೂ ತೆತ್ತರೆ ತೆರವಿನ ಡಿಕ್ರಿಯಿಂದ ಪಾರಾಗುತ್ತಾನೆ.

ಆದುದರಿಂದ ಬಾಕಿಯ ದಾವೆಯಿಂದ ಒಡೆಯನಿಗೆ ಖಚಿತವಾಗಿ ಸಿಗುವುದು ಹಣ; ಮನೆ ಸಿಗುವುದು ಎದುರಾಳಿಯು ಈ ಷರತ್ತುಗಳನ್ನು ತಪ್ಪಿದಾಗ ಮಾತ್ರ. ಬಾಡಿಗೆದಾರನು ಕಟ್ಟಿದ ದಿನಾಂಕಗಳನ್ನೂ ಮೊತ್ತಗಳನ್ನೂ ಒಡೆಯನು ಖಾತೆಯ ಪುಸ್ತಕದಂತೆ ಬರೆದಿಡತಕ್ಕದ್ದು. ಮೂರು ವರ್ಷಗಳಿಗಿಂತ ಹಳೆಯ ಬಾಕಿಯ ವಸೂಲಿಗೆ ಕಾಲಮಿತಿ ಕಾಯಿದೆ ಅಡ್ಡ ಬರುತ್ತದೆಂಬುದನ್ನೂ ಮರೆಯಬಾರದು. ರಸೀದಿ ಕೊಡುವುದು ಒಡೆಯನ ಮೇಲೆ ಕಡ್ಡಾಯವಾಗಿದೆ. ರಸೀದಿ ತಡೆಹಿಡಿದು ಬಾಕಿಯನ್ನು ಸೃಷ್ಟಿಸುವ ಹಳೆಯ ಉಪಾಯವು ತಿರುಗುಬಾಣವಾಗುತ್ತದೆ.

5. ಮನೆಯನ್ನು ಮರಳಿ ಪಡೆಯುವ ಇತರ ಕಾರಣಗಳು

16ನೆಯ ಕಲಮು ಕಾರಣಗಳ ಪಟ್ಟಿಯನ್ನು ಕೊಡುತ್ತದೆ. ಮನೆಗೆ ಹಾನಿ ಮಾಡಿದುದು ಅಥವಾ ಬೇರೆ ಉದ್ದೇಶಕ್ಕೆ ಬಳಸಿದುದು, ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟೋಣ ಕಟ್ಟಿದುದು, ನೆರೆಯವರಿಗೆ ಉಪದ್ರವ ಕೊಟ್ಟುದು, ಉಪಬಾಡಿಗೆಗೆ ಕೊಟ್ಟುದು, ಸಕಾರಣವಿಲ್ಲದೆ ಆರು ತಿಂಗಳು ಬಳಸದೆ ಬಿಟ್ಟುದು ಇವು ಬಾಡಿಗೆದಾರನ ತಪ್ಪಿನಿಂದ ಹುಟ್ಟುವ ಕಾರಣಗಳು. ಒಡೆಯನಿಗೆ ಸ್ವಂತಕ್ಕೆ ಬೇಕಾದುದು, ತೆರವಾಗದೆ ರಿಪೇರಿ ಅಸಾಧ್ಯವಾದುದು, ಕೆಡವಿ ಹೊಸದಾಗಿ ಕಟ್ಟಬೇಕಾದುದು ಇವು ಒಡೆಯನ ಅಗತ್ಯದಿಂದ ಹುಟ್ಟುವವು. ವ್ಯವಹಾರದಲ್ಲಿ ಹೆಚ್ಚಾಗಿ ಕಾಣಬರುವ ಮೂರನ್ನು ಮಾತ್ರ ಇಲ್ಲಿ ವಿವರಿಸಬಹುದು.

ಉಪಬಾಡಿಗೆಯ ಪ್ರಶ್ನೆಯು ಹೋಟೆಲ್ ಉದ್ಯಮದ ಕನ್ನಡಿಗರಿಗೆ ನಿಕಟವಾದುದು. ಬಾಡಿಗೆಯ ಜಾಗದಲ್ಲಿರುವ ಹೋಟೆಲನ್ನು ಇನ್ನೊಬ್ಬನಿಗೆ ನಡೆಸಲು ಕೊಡುವ ಕಂಡಕ್ಟಿಂಗ್ ಪದ್ಧತಿಯೂ ಊರಿನವನನ್ನು ಪಾಲುಗಾರನನ್ನಾಗಿ ಸೇರಿಸಿಕೊಳ್ಳುವ ಪದ್ಧತಿಯೂ ಹಳೆಯವು. ಬಾಡಿಗೆದಾರನು ವ್ಯಾಪಾರದ ಮೇಲೂ ಜಾಗದ ಮೇಲೂ ಹತೋಟಿ ಇಟ್ಟುಕೊಂಡು ನಿಜವಾಗಿ ಪಾಲುಗಾರಿಕೆ ನಡೆಸಿದರೆ ಅದು ಉಪಬಾಡಿಗೆಯಾಗದು. ಪಾಲುಗಾರಿಕೆಯ ಪತ್ರವು ಕೇವಲ ಮುಸುಕಾಗಿದ್ದು, ಜಾಗದ ಸ್ವಾಧೀನ ಪೂರ್ತಿಯಾಗಿ ಪರರ ಕೈಸೇರಿದ್ದರೆ ನ್ಯಾಯಾಲಯವು ಮುಸುಕನ್ನು ಸರಿಸಿ ನೋಡುತ್ತದೆ. ಕೈಬದಲಾದ ಹಣದ ಪ್ರತ್ಯಕ್ಷ ಸಾಕ್ಷ್ಯ ಒಡೆಯನಿಗೆ ಸಿಗುವುದು ವಿರಳ. ಆದ್ದರಿಂದ ಪರರ ಪೂರ್ಣ ಸ್ವಾಧೀನವನ್ನು ಅವನು ತೋರಿಸಿದರೆ, ಅದು ಹೇಗೆ ಬಂದಿತೆಂಬುದನ್ನು ವಿವರಿಸುವ ಭಾರ ಬಾಡಿಗೆದಾರನ ಮೇಲೆ ಬೀಳುತ್ತದೆ.

ಸ್ವಂತದ ಅಗತ್ಯವು ಎರಡನೆಯದು. ಅಗತ್ಯವು ನ್ಯಾಯಸಮ್ಮತವೂ ಪ್ರಾಮಾಣಿಕವೂ ಆಗಿರಬೇಕು. ಒಡೆಯನು ತನ್ನ ಸಂಸಾರಕ್ಕೆ ಎಷ್ಟು ಕೋಣೆ ಬೇಕೆಂಬುದನ್ನು ಬಾಡಿಗೆದಾರನಿಂದ ಕಲಿಯಬೇಕಾಗಿಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯ ಹಲವು ತೀರ್ಪುಗಳಲ್ಲಿ ಸ್ಪಷ್ಟಪಡಿಸಿದೆ. ಆದರೆ ಮುಂಬಯಿಯ ಕಾಯಿದೆಯಲ್ಲಿ ಅಗತ್ಯ ಸಿದ್ಧವಾದರೂ ತಕ್ಕಡಿಯ ಇನ್ನೊಂದು ತಟ್ಟೆ ಉಳಿದಿರುತ್ತದೆ. ಡಿಕ್ರಿ ಕೊಟ್ಟರೆ ಬಾಡಿಗೆದಾರನಿಗೂ, ಕೊಡದಿದ್ದರೆ ಒಡೆಯನಿಗೂ ಆಗುವ ಕಷ್ಟಗಳಲ್ಲಿ ಯಾವುದು ಹಿರಿದೆಂಬುದನ್ನು ನ್ಯಾಯಾಧೀಶರು ತೂಗಬೇಕು. ಬೇರೆ ಮನೆ ಇಬ್ಬರಲ್ಲಿ ಯಾರಿಗೆ ದೊರೆಯಬಲ್ಲುದೆಂಬುದು ಆ ತೂಕದ ಮುಖ್ಯ ಕಲ್ಲು. ಮನೆಯ ಒಂದು ಭಾಗವನ್ನು ಮಾತ್ರ ಬಿಡಿಸಿಕೊಡುವ ಅಧಿಕಾರವೂ ಅವರಿಗಿದೆ. ಸುಳ್ಳು ಅಗತ್ಯ ಹೇಳಿ ಮನೆ ಪಡೆದು, ತಿಂಗಳೊಳಗೆ ತಾನು ವಾಸಕ್ಕೆ ಬಾರದವನಿಂದ ಅಥವಾ ವರ್ಷದೊಳಗೆ ಬೇರೆಯವರಿಗೆ ಕೊಟ್ಟವನಿಂದ ಅದನ್ನು ಹಿಂದಿನ ಬಾಡಿಗೆದಾರನಿಗೆ ಮರಳಿ ಕೊಡಿಸಬಹುದು.

ಮೂರನೆಯದು ರಿಪೇರಿ ಹಾಗೂ ಪುನರ್ನಿರ್ಮಾಣ. ಹಳೆಯ ಕಟ್ಟಡಗಳ ಮುಂಬಯಿಯಲ್ಲಿ ಇದರ ಮಹತ್ತ್ವ ಬೆಳೆಯುತ್ತಲೇ ಇದೆ. ಇಲ್ಲಿ ತೆರವು ತಾತ್ಕಾಲಿಕ. ರಿಪೇರಿಯಾದ ಮನೆಗೆ, ಇಲ್ಲವೆ ಹೊಸ ಕಟ್ಟಡಕ್ಕೆ ಮರಳುವ ಹಕ್ಕನ್ನು ಕಾಯಿದೆಯು ಬಾಡಿಗೆದಾರನಿಗೆ ಕಾಯ್ದಿರಿಸಿದೆ. ಈ ಕಾರಣವನ್ನು ಮುಂದಿಟ್ಟು ಬಾಡಿಗೆದಾರನಿಂದ ಕೊನೆಯಾಗಿ ಬಿಡುಗಡೆ ಪಡೆಯುವ ಆಸೆ ವ್ಯರ್ಥ.

6. ಬ್ಯಾಂಕುಗಳೂ ದೊಡ್ಡ ಕಂಪನಿಗಳೂ

ಕೋಟೆ ಪ್ರದೇಶದ ಹಳೆಯ ಕಟ್ಟಡಗಳ ಒಡೆಯರಿಗೆ 1999ರ ಕಾಯಿದೆ ತಂದ ದೊಡ್ಡ ಬದಲಾವಣೆಯೆಂದರೆ 3ನೆಯ ಕಲಮಿನ ವಿನಾಯಿತಿ. ಬ್ಯಾಂಕುಗಳು, ಸಾರ್ವಜನಿಕ ವಲಯದ ಉದ್ದಿಮೆಗಳು, ಪರದೇಶದ ಹಾಗೂ ಬಹುರಾಷ್ಟ್ರೀಯ ಸಂಸ್ಥೆಗಳು, ಒಂದು ಕೋಟಿ ರೂಪಾಯಿ ಅಥವಾ ಅದಕ್ಕೆ ಮಿಕ್ಕಿದ ಪಾವತಿಯಾದ ಬಂಡವಾಳವುಳ್ಳ ಕಂಪನಿಗಳು ಈ ಕಾಯಿದೆಯ ರಕ್ಷಣೆಯಿಂದ ಹೊರಗಾದವು. ಬಡವನ ಖೋಲಿಗಾಗಿ ಹುಟ್ಟಿದ ಕಟ್ಟಳೆಯ ನೆರಳಿನಲ್ಲಿ ಶ್ರೀಮಂತ ಸಂಸ್ಥೆಗಳು ಅಲ್ಪ ಬಾಡಿಗೆಗೆ ಕುಳಿತಿದ್ದುದು ನ್ಯಾಯವಲ್ಲವೆಂಬುದೇ ಇದರ ಹಿಂದಿನ ವಿಚಾರ. ಈ ಭೇದವು ಸಂವಿಧಾನಬದ್ಧವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಎತ್ತಿಹಿಡಿಯಿತು. ಇಂತಹ ಬಾಡಿಗೆದಾರರ ವಿಷಯದಲ್ಲಿ 1882ರ ಆಸ್ತಿ ವರ್ಗಾವಣೆ ಕಾಯಿದೆಯೇ ಆಧಾರ: ತಿಂಗಳ ಬಾಡಿಗೆಯನ್ನು 106ನೆಯ ಕಲಮಿನಂತೆ 15 ದಿನಗಳ ನೋಟೀಸಿನಿಂದ ಮುಗಿಸಿ, ಕಾರಣ ಹೇಳುವ ಹಂಗಿಲ್ಲದೆ ದಾವೆ ಹೂಡಬಹುದು.

7. ಮುಚ್ಚಿದ ಬಾಗಿಲು

ಇಷ್ಟು ದಾರಿಗಳಿದ್ದರೂ ನ್ಯಾಯಾಲಯದ ವಿಳಂಬದಿಂದ ಬೇಸತ್ತು ತಾನೇ ಕೈಮಾಡುವ ಒಡೆಯರಿದ್ದಾರೆ. ಈ ಬಾಗಿಲನ್ನು ಕಾಯಿದೆ ಪೂರ್ಣವಾಗಿ ಮುಚ್ಚಿದೆ. ನೀರು, ವಿದ್ಯುತ್ತು ಮೊದಲಾದ ಅವಶ್ಯಕ ಸೌಕರ್ಯಗಳನ್ನು ಸಕಾರಣವಿಲ್ಲದೆ ಕಡಿದರೆ 29ನೆಯ ಕಲಮಿನಂತೆ ನ್ಯಾಯಾಲಯವು ಅವನ್ನು ಪುನಃ ಕೊಡಿಸುವುದಲ್ಲದೆ ಒಡೆಯನನ್ನು ಶಿಕ್ಷೆಗೂ ಗುರಿಪಡಿಸಬಹುದು. ಬೀಗ ಮುರಿದು ಹೊರಹಾಕಿದವನಿಂದ ಬಾಡಿಗೆದಾರನು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನ ಮೇರೆಗೆ ಆರು ತಿಂಗಳೊಳಗೆ ಸ್ವಾಧೀನವನ್ನು ಮರಳಿ ಬೇಡಬಹುದು. ಆ ದಾವೆಯಲ್ಲಿ ಒಡೆತನ ಯಾರದೆಂಬ ಪ್ರಶ್ನೆಯನ್ನೇ ಕೇಳುವುದಿಲ್ಲ. ಅನುಮತಿಯ ಅವಧಿ ಮುಗಿದವನನ್ನು ಸಹ ಕಾಯಿದೆಯ ಕ್ರಮದಿಂದಲ್ಲದೆ ಹೊರಹಾಕಲಾಗದೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಹೇಳಿದೆ. ಕಾಲ ಉಳಿಸಲು ಹೊರಟವನು ಹೀಗೆ ತನ್ನ ನ್ಯಾಯವಾದ ಹಕ್ಕಿನ ಮೇಲೆಯೇ ಮಸಿ ಬಳಿದುಕೊಳ್ಳುತ್ತಾನೆ.

8. ವಿಳಂಬಕ್ಕೆ ಪರಿಹಾರ

ವಿಳಂಬವನ್ನು ತಗ್ಗಿಸುವ ಸಕ್ರಮ ಉಪಾಯಗಳೂ ಇವೆ. ತೆರವಿನ ಡಿಕ್ರಿಯಾದ ಬಳಿಕ ಬಾಡಿಗೆದಾರನು ಅಪೀಲು ಹೋಗಿ ತಡೆಯಾಜ್ಞೆ ಪಡೆದು ಹಳೆಯ ಬಾಡಿಗೆಗೇ ವರ್ಷಗಟ್ಟಲೆ ಕುಳಿತುಕೊಳ್ಳುವುದು ಹಿಂದೆ ಸಾಮಾನ್ಯವಾಗಿತ್ತು. ತಡೆಯಾಜ್ಞೆ ಬೇಡುವವನು ಡಿಕ್ರಿಯ ದಿನದಿಂದ ಮಾರುಕಟ್ಟೆಯ ದರಕ್ಕೆ ಹೊಂದುವ ಪರಿಹಾರವನ್ನು ಕಟ್ಟಬೇಕೆಂದು ಷರತ್ತು ವಿಧಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2004ರ ಡಿಸೆಂಬರಿನಲ್ಲಿ ಆತ್ಮಾರಾಮ ಪ್ರಾಪರ್ಟೀಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. 2009ರಲ್ಲಿ ಮುಂಬಯಿಯ ಸೂಪರ್ ಮ್ಯಾಕ್ಸ್ ಮೊಕದ್ದಮೆಯಲ್ಲಿ ಅದೇ ತತ್ತ್ವವನ್ನು ಅನ್ವಯಿಸಿತು. ಆ ಮೊಕದ್ದಮೆಯಲ್ಲಿ ಬಾಡಿಗೆದಾರನಾಗಿದ್ದುದು ಸ್ವತಃ ಮಹಾರಾಷ್ಟ್ರ ಸರಕಾರ. ಒಡೆಯನ ವಕೀಲರು ಈ ಷರತ್ತನ್ನು ಕೇಳದೆ ಬಿಡತಕ್ಕದ್ದಲ್ಲ. ಬಾಡಿಗೆದಾರನ ಪಾಲಿಗೆ ವಿಳಂಬವು ಲಾಭವಾಗಿರುವವರೆಗೆ ಮಾತ್ರ ಅದು ಬೆಳೆಯುತ್ತದೆ.

ಅಂತಿಮ ಡಿಕ್ರಿಯ ಜಾರಿಯೂ ಒಂದು ಹೋರಾಟವೇ. ಬೆಂಗಳೂರಿನ ಆಸ್ತಿಯೊಂದರ ವ್ಯಾಜ್ಯದಿಂದ ಹುಟ್ಟಿದ 2021ರ ತೀರ್ಪಿನಲ್ಲಿ, ಜಾರಿಯ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿದೆ.

ರಾಜಿಯೂ ಒಂದು ದಾರಿ. ಅನೇಕ ವೇಳೆ ಅದೇ ಉತ್ತಮ ದಾರಿ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದ್ದು, ಅದರ ಮೇಲೆ ಅಪೀಲು ಇರುವುದಿಲ್ಲ. ಆದರೆ ಬಾಡಿಗೆ ಕಾಯಿದೆಯ ರಕ್ಷಣೆಯಿರುವ ಮನೆಯ ವಿಷಯದಲ್ಲಿ ಇಬ್ಬರೂ ಒಪ್ಪಿದರೆಂಬ ಮಾತ್ರಕ್ಕೆ ತೆರವಿನ ಡಿಕ್ರಿ ನಿಲ್ಲದು. ಕಾಯಿದೆ ಹೇಳಿದ ಯಾವುದಾದರೊಂದು ಕಾರಣವಿದೆಯೆಂಬುದು ಕಾಗದಪತ್ರಗಳಿಂದಲೋ ಬಾಡಿಗೆದಾರನ ಒಪ್ಪಿಗೆಯಿಂದಲೋ ಕಂಡುಬರಬೇಕೆಂದು 1947ರ ಕಾಯಿದೆಯ ಕುರಿತು ಸರ್ವೋಚ್ಚ ನ್ಯಾಯಾಲಯ ಕೊಟ್ಟ 1973ರ ತೀರ್ಪು ವಿಧಿಸಿದೆ. ರಾಜಿಪತ್ರ ಬರೆಸುವಾಗ ಆ ಕಾರಣವನ್ನು ಸ್ಪಷ್ಟವಾಗಿ ನಮೂದಿಸುವುದು ಕ್ಷೇಮ.

9. ಊರಿನ ಮನೆ

ಮುಂಬಯಿಯಲ್ಲಿದ್ದುಕೊಂಡು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಮನೆಯುಳ್ಳವರು ಇಲ್ಲಿಯ ಕಾಯಿದೆಯನ್ನು ಅಲ್ಲಿಗೆ ಅನ್ವಯಿಸಬಾರದು. ಕರ್ನಾಟಕದ 1999ರ ಬಾಡಿಗೆ ಕಾಯಿದೆಯು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ತಿಂಗಳ ಬಾಡಿಗೆಯು ದೊಡ್ಡ ನಗರಗಳಲ್ಲಿ 3,500 ರೂಪಾಯಿಗಳಿಗೂ ಇತರೆಡೆ 2,000 ರೂಪಾಯಿಗಳಿಗೂ ಮಿಕ್ಕಿದ್ದರೆ ಅದು ಅನ್ವಯಿಸದು. ಇಂದಿನ ದರಗಳಲ್ಲಿ ಬಹುತೇಕ ಮನೆಗಳು ಅದರಿಂದ ಹೊರಗೇ ಉಳಿದು, ಆಸ್ತಿ ವರ್ಗಾವಣೆ ಕಾಯಿದೆಯ ಸರಳ ನಿಯಮಕ್ಕೆ ಒಳಪಡುತ್ತವೆ. ದೆಹಲಿಯ 1958ರ ಕಾಯಿದೆಯಲ್ಲಿಯೂ 1988ರ ತಿದ್ದುಪಡಿಯಿಂದ 3,500 ರೂಪಾಯಿಗಳ ಮೇರೆಯೇ ಬಂದಿದೆ. ಚೆನ್ನೈಯಲ್ಲಿ 2017ರ ಹೊಸ ಕಾಯಿದೆಯು 2019ರಿಂದ ಹಳೆಯದರ ಸ್ಥಾನವನ್ನು ಪಡೆದಿದೆ. ಮನೆ ಯಾವ ರಾಜ್ಯದಲ್ಲಿದೆಯೋ ಅಲ್ಲಿಯ ಕಾಯಿದೆಯೇ ಅದಕ್ಕೆ ಪ್ರಮಾಣ.

ಈ ಎಲ್ಲ ವಿವರಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮುಂಬಯಿಯಲ್ಲಿ ಒಡೆಯನ ವ್ಯಾಜ್ಯದ ಫಲವು ಬಹುಮಟ್ಟಿಗೆ ಕೀಲಿಕೈ ಕೊಡುವ ದಿನವೇ ನಿರ್ಧಾರವಾಗಿರುತ್ತದೆ. ನೋಂದಣಿಯಾದ ಪತ್ರ, ಸ್ಪಷ್ಟವಾದ ಅವಧಿ, ತಪ್ಪದ ರಸೀದಿ ಇವಿದ್ದವನಿಗೆ ಕಾಯಿದೆ ಬೇಗ ನೆರವಾಗುತ್ತದೆ. ಬಾಯಿಮಾತನ್ನು ನಂಬಿದವನಿಗೆ ತಡವಾಗಿ ನೆರವಾಗುತ್ತದೆ. ಬಲವನ್ನು ನಂಬಿದವನಿಗೆ ಎದುರು ನಿಲ್ಲುತ್ತದೆ. ಬಾಡಿಗೆದಾರನ ರಕ್ಷಣೆಯನ್ನು ಒಡೆಯನ ಮೇಲಿನ ದ್ವೇಷವೆಂದು ತಿಳಿಯುವುದೂ ಸರಿಯಲ್ಲ. ಚಾಳಿನ ಖೋಲಿಯಲ್ಲಿ ಸಂಸಾರ ಹೂಡಿದ ಮೊದಲ ತಲೆಮಾರಿನ ಕನ್ನಡಿಗರನ್ನು ಬೀದಿಗೆ ಬೀಳದಂತೆ ಕಾಪಾಡಿದುದು ಇದೇ ಕಟ್ಟಳೆ. ಅವರ ಮಕ್ಕಳು ಒಡೆಯರಾದಾಗ ಅದರ ಭಾರವನ್ನು ಹೊರಬೇಕಾಗಿ ಬಂದಿದೆ. ಎರಡು ಪಕ್ಷಗಳ ಅನುಭವವನ್ನೂ ಒಂದೇ ಮನೆತನದಲ್ಲಿ ಕಂಡ ಸಮಾಜಕ್ಕೆ ಈ ಕಾಯಿದೆಯ ನ್ಯಾಯಾನ್ಯಾಯಗಳನ್ನು ಸಮಚಿತ್ತದಿಂದ ತೂಗುವ ಯೋಗ್ಯತೆ ಇತರರಿಗಿಂತ ಹೆಚ್ಚಾಗಿದೆ.